ಎಕ್ಸ್‌ಟಿಂಗ್ವಿಷರ್ ಆಮೇಲೆ ಕೊಳ್ಳೋಣ, ಬೀಗದ ಕೈ ಎಲ್ಲಿದೆ ಹೇಳಿ

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ ನಮ್ಮದು ಬಾಡಿಗೆ ಮನೆ, ಎರಡನೇ ಮಹಡಿ. ನಾನು, ನಮ್ಮ ಯಜಮಾನರು, 74 ವರ್ಷದ ಅತ್ತೆ, ಇಬ್ಬರು ಮಕ್ಕಳು. ಹೋದ ತಿಂಗಳು ಪಕ್ಕದ ಬೀದಿಯ ಮನೆಯೊಂದರಲ್ಲಿ ಗೀಸರ್ ವೈರಿನಿಂದ ಬೆಂಕಿ ಹತ್ತಿತು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಯಜಮಾನರಿಗೆ ಆಗಾಗ ನೈಟ್ ಶಿಫ್ಟ್. ಅತ್ತೆ ದೇವರ ದೀಪವನ್ನು ರಾತ್ರಿಯಿಡೀ ಉರಿಸುತ್ತಾರೆ. ಕೆಳಗಿನ ಮನೆಯವರು ಮೆಟ್ಟಿಲ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಹಾಕುತ್ತಾರೆ. ಕಳ್ಳರ ಭಯಕ್ಕೆ ಬಾಲ್ಕನಿಗೆ ಪೂರ್ತಿ ಗ್ರಿಲ್ ಇದೆ. ಬಾಗಿಲ ಹೊರಗಿನ ಗ್ರಿಲ್ ಗೇಟಿಗೆ ರಾತ್ರಿ ಬೀಗ ಹಾಕಿ, ಬೀಗದ ಕೈಯನ್ನು ಅತ್ತೆ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಯಾವ ಫೈರ್ ಎಕ್ಸ್‌ಟಿಂಗ್ವಿಷರ್ ತೆಗೆದುಕೊಳ್ಳಬೇಕು? ಬೇರೆ ಏನೇನು ತಯಾರಿ ಬೇಕು?

ಉತ್ತರ: ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಎಕ್ಸ್‌ಟಿಂಗ್ವಿಷರ್ ಬಗ್ಗೆ. ನನ್ನ ಕಣ್ಣು ಹೋಗಿ ನಿಂತದ್ದು ಅತ್ತೆಯವರ ದಿಂಬಿನ ಮೇಲೆ. ಅಗ್ನಿಶಾಮಕ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವನು ನಾನು. ಬೆಂಕಿ ಹತ್ತಿದ ಮನೆಯೊಳಗೆ ಹೋದಾಗ ಜನ ಸಿಕ್ಕಿದ್ದು ಎಲ್ಲಿ ಗೊತ್ತಾ? ಎಷ್ಟೋ ಸಲ ಬಾಗಿಲ ಹತ್ತಿರವೇ. ಚಿಲಕದವರೆಗೆ ಬಂದಿರುತ್ತಾರೆ, ಬೀಗದ ಕೈ ಸಿಕ್ಕಿರುವುದಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಆದ ಬೆಂಕಿ ನಿಮಗೆ ನೆನಪಿರಬಹುದು. ತಾಯಿ, ಮಗಳು ಇಬ್ಬರು ಹೋದರು. ಬಾಲ್ಕನಿಯವರೆಗೆ ಬಂದಿದ್ದರು. ಬಾಲ್ಕನಿಗೆ ಗ್ರಿಲ್ ಇತ್ತು. ಎದುರಿನವರು ನೋಡುತ್ತ ನಿಲ್ಲುವುದು ಬಿಟ್ಟು ಏನೂ ಮಾಡುವಂತಿರಲಿಲ್ಲ. ಅದಕ್ಕೂ ಮುಂಚೆ, 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಅಲ್ಲಿ ಜನರನ್ನು ಅಟ್ಟಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು.

ಹೊಗೆ ಅಂದರೆ ಕೆಮ್ಮು ಬರಿಸುವ ಕಪ್ಪು ಗಾಳಿ ಅಂತ ಮಾತ್ರ ತಿಳಿಯಬೇಡಿ. ನಮ್ಮ ಹಾಸಿಗೆ, ಸೋಫಾ ಎಲ್ಲ ಈಗ ಫೋಮ್. ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಸೈನೈಡಿನ ಗಾಳಿಯೂ ಬರುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಇನ್ನೊಂದು ವಿಷಯ. ಮಲಗಿದ ಮನುಷ್ಯನ ಮೂಗೂ ಮಲಗಿರುತ್ತದೆ. ‘ಸುಟ್ಟ ವಾಸನೆ ಬಂದರೆ ಎಚ್ಚರ ಆಗಲ್ವಾ’ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ ಅಂತ ನಂಬಿ ಕೂರಬೇಡಿ. ಅದಕ್ಕೇ ನಾನು ಹೇಳುವ ಮೊದಲ ಖರೀದಿ ಸ್ಮೋಕ್ ಅಲಾರಂ. ಬ್ಯಾಟರಿ ಹಾಕಿ, ಮಲಗುವ ಕೋಣೆಗಳ ಮುಂದಿನ ಹಾಲ್‌ನಲ್ಲಿ, ಸೀಲಿಂಗಿಗೆ ಅಂಟಿಸುವಂಥದ್ದು. ಅಡುಗೆಮನೆಯೊಳಗೆ ಬೇಡ. ಒಗ್ಗರಣೆ ಹಾಕಿದಾಗಲೆಲ್ಲ ಕೂಗುತ್ತದೆ, ಮೂರನೇ ದಿನ ನೀವೇ ಬ್ಯಾಟರಿ ಕಿತ್ತು ಟಿವಿ ರಿಮೋಟಿಗೆ ಹಾಕುತ್ತೀರಿ. ನೋಡಿದ್ದೇನೆ.

ಬೀಗದ ಕೈ ವಿಷಯ ಇವತ್ತೇ ಮುಗಿಸಿ. ಬಾಗಿಲ ಪಕ್ಕ ಗೋಡೆಗೆ ಒಂದು ಮೊಳೆ ಹೊಡೆಯಿರಿ. ಹೊರಗಿನಿಂದ ಕೈ ಹಾಕಿದರೆ ಸಿಗಬಾರದು, ಮಕ್ಕಳ ಕೈಗೆ ಎಟುಕಬೇಕು. ರಾತ್ರಿ ಬೀಗದ ಕೈ ಅಲ್ಲೇ ಇರಬೇಕು. ಬೀಗದ ಕೈ ಬೇಡದೆ ಒಳಗಿನಿಂದ ತಿರುಗಿಸಿದರೆ ತೆರೆಯುವ ಲಾಕ್ ಹಾಕಿಸಿದರೆ ಇನ್ನೂ ವಾಸಿ. ಬಾಲ್ಕನಿ ಗ್ರಿಲ್‌ನಲ್ಲಿ ಒಬ್ಬ ದೊಡ್ಡ ಮನುಷ್ಯ ನುಸುಳುವಷ್ಟು ಅಗಲದ ಒಂದು ಕಿಂಡಿ ಕತ್ತರಿಸಿ, ಕೀಲು ಹಾಕಿ, ಒಳಗಿನಿಂದ ತೆರೆಯುವ ಹಾಗೆ ಮಾಡಿಸಿ. ಯಾವ ವೆಲ್ಡಿಂಗ್ ಅಂಗಡಿಯವನಾದರೂ ಅರ್ಧ ದಿನದಲ್ಲಿ ಮಾಡುತ್ತಾನೆ. ಓನರ್ ಒಪ್ಪುವುದಿಲ್ಲ ಅನ್ನಬೇಡಿ. ದೇವರಚಿಕ್ಕನಹಳ್ಳಿಯ ಕಥೆ ಹೇಳಿ, ಖರ್ಚು ನಾನೇ ಕೊಡುತ್ತೇನೆ ಅನ್ನಿ. ಒಪ್ಪದ ಓನರನ್ನು ನಾನು ಇನ್ನೂ ಕಂಡಿಲ್ಲ. 

ಈಗ ಮೆಟ್ಟಿಲ ಕೆಳಗಿನ ಸ್ಕೂಟರ್. ನಿಮ್ಮ ಮನೆಗೆ ಹೊರಗೆ ಹೋಗಲು ಇರುವುದು ಒಂದೇ ದಾರಿ, ಆ ಮೆಟ್ಟಿಲು. ಅದರ ಬುಡದಲ್ಲಿ ಬೆಂಕಿ ಬಿದ್ದರೆ ಮೆಟ್ಟಿಲ ಗೂಡು ಹೊಗೆಕೊಳವೆ ಆಗುತ್ತದೆ. ಹಳೇ ಬಚ್ಚಲುಮನೆ ಒಲೆಯ ಹೊಗೆ ಹೇಗೆ ಸರ್ರನೆ ಮೇಲೆ ಎಳೆದುಕೊಂಡು ಹೋಗುತ್ತಿತ್ತೋ ಹಾಗೆ. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನಲ್ಲಿ ಇದೇ ಆಯಿತು. ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್, ಮೇಲೆ ಲಾಡ್ಜ್. ಎಂಟು ಜನ ಸತ್ತರು, ಅವರು ಇದ್ದದ್ದು ಮೇಲಿನ ಲಾಡ್ಜಿನಲ್ಲಿ.

ಸ್ಕೂಟರನ್ನೇ ಬೈಯುವವನು ನಾನಲ್ಲ. ನನ್ನ ಮಗನ ಹತ್ತಿರವೂ ಒಂದಿದೆ. ಆದರೆ ಲಿಥಿಯಂ ಬ್ಯಾಟರಿಯ ಬೆಂಕಿಯ ಸ್ವಭಾವ ಬೇರೆ. ಒಂದು ಸೆಲ್ ಕೆಟ್ಟು ಕಾದರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಅದರ ಪಕ್ಕದ್ದನ್ನು. ಬೆಂಕಿಯನ್ನು ಹೊರಗಿನಿಂದ ಮುಚ್ಚಿದರೂ ಒಳಗೆ ಕಾವು ಮುಂದುವರಿಯುತ್ತಲೇ ಇರುತ್ತದೆ. ನಿಮ್ಮ ಎಕ್ಸ್‌ಟಿಂಗ್ವಿಷರಿನ ಪುಡಿ ಅದಕ್ಕೆ ಸಾಲದು. ಧಾರಾಳ ನೀರು ಸುರಿದು ತಣಿಸಬೇಕು, ಅದು ಫೈರ್ ಇಂಜಿನ್ ಬಂದವರ ಕೆಲಸ. 2022ರ ಕೊನೆಯಿಂದ ಬ್ಯಾಟರಿಗೆ ಬಿಗಿಯಾದ ನಿಯಮ ಬಂತು, ಒಳ್ಳೆಯದಾಯಿತು. ಆದರೂ ಬಿದ್ದು ಪೆಟ್ಟಾದ ಬ್ಯಾಟರಿ, ನೀರು ನುಗ್ಗಿದ ಬ್ಯಾಟರಿ, ಉಬ್ಬಿದ ಬ್ಯಾಟರಿ, ಬೇರೆ ಕಂಪನಿಯ ಚಾರ್ಜರ್, ಇವು ಹಾಗೇ ಇವೆ.

ಕೆಳಗಿನ ಮನೆಯವರಿಗೆ ‘ನಿಮ್ಮ ಗಾಡಿ ಡೇಂಜರ್’ ಅಂದರೆ ಜಗಳ ಆಗುತ್ತದೆ. ಗಾಡಿಯ ಮಾತೇ ಬೇಡ, ಮೆಟ್ಟಿಲ ಮಾತಾಡಿ. ‘ಅಣ್ಣಾ, ನಮ್ಮತ್ತೆಗೆ ಮಂಡಿ ನೋವು, ಇಳಿಯೋಕೆ ಇದೊಂದೇ ದಾರಿ. ಚಾರ್ಜಿಂಗ್ ಪಾಯಿಂಟನ್ನು ಗೇಟಿನ ಹತ್ತಿರಕ್ಕೆ ತೆಗೆದುಕೊಂಡು ಹೋದರೆ ಅರ್ಧ ಖರ್ಚು ನಮ್ಮದು’ ಅನ್ನಿ. ಜೊತೆಗೆ, ಗಾಡಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬಾರದು, ಸ್ವಲ್ಪ ತಣ್ಣಗಾಗಲಿ. ಎಲ್ಲರೂ ಮಲಗಿರುವ ಹೊತ್ತಿಗಿಂತ ಎಚ್ಚರ ಇರುವ ಹೊತ್ತಿನಲ್ಲಿ ಚಾರ್ಜ್ ಮಾಡುವುದು ಒಳ್ಳೆಯದು. ಮೆಟ್ಟಿಲ ಮೇಲಿನ ಚಪ್ಪಲಿ ಸ್ಟ್ಯಾಂಡ್, ಹಳೇ ಪೇಪರ್ ಕಟ್ಟು, ಒಡೆದ ಸೈಕಲ್ ಕೂಡ ಅದೇ ದಿನ ಖಾಲಿ ಆಗಲಿ. ಇದರಲ್ಲಿ ನಿಮ್ಮ ಮನೆಯ ಪಾಲೂ ಇರುತ್ತದೆ ಅಂತ ನನ್ನ ಅನುಮಾನ.

ನಿಮ್ಮ ನಿದ್ದೆ ಕೆಡಿಸಿದ ಗೀಸರಿಗೆ ಬರೋಣ. ಪೇಪರಿನಲ್ಲಿ ಎಲ್ಲಾ ಬೆಂಕಿಗೂ ‘ಶಾರ್ಟ್ ಸರ್ಕ್ಯೂಟ್’ ಅಂತ ಬರೆದು ಮುಗಿಸುತ್ತಾರೆ. ನಿಜ ಹೇಳಬೇಕೆಂದರೆ ಶಾರ್ಟ್ ಆದರೆ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್, ಟಕ್ ಅಂತ ಬೀಳುತ್ತದೆ. ಅದಕ್ಕೆ ಗೊತ್ತಾಗದೇ ಇರುವುದು ಲೂಸ್ ಕನೆಕ್ಷನ್. ಸಾಕೆಟ್ಟಿನ ಒಳಗೆ ಸ್ಕ್ರೂ ಸಡಿಲ ಆಗಿರುತ್ತದೆ. ಕರೆಂಟು ಹರಿಯುತ್ತಲೇ ಇರುತ್ತದೆ, ಆ ಒಂದು ಚುಕ್ಕೆ ಮಾತ್ರ ಕೆಂಡದ ಹಾಗೆ ಕಾಯುತ್ತದೆ. ತಿಂಗಳುಗಟ್ಟಲೆ ಪ್ಲಾಸ್ಟಿಕ್ ಕರಗಿ, ಒಂದು ದಿನ ಹತ್ತಿಕೊಳ್ಳುತ್ತದೆ. ಆದರೆ ಅದು ಮುಂಚೆಯೇ ಸುಳಿವು ಕೊಟ್ಟಿರುತ್ತದೆ. ಬಿಳೀ ಸಾಕೆಟ್ ಹಳದಿ ಅಥವಾ ಕಂದು ಆಗಿರುತ್ತದೆ. ಪ್ಲಗ್ ಮುಟ್ಟಿದರೆ ಬಿಸಿ. ಗೋಡೆ ಹತ್ತಿರ ಮೀನು ಕೊಳೆತಂಥ ವಾಸನೆ. ಇದರಲ್ಲಿ ಯಾವುದು ಕಂಡರೂ ಆ ಸ್ವಿಚ್ಚನ್ನು ಮತ್ತೆ ಹಾಕಬೇಡಿ, ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ.

ಒಂದು ಲೆಕ್ಕ ಹೇಳುತ್ತೇನೆ, ಸುಲಭ. 2000 ವಾಟ್ ಗೀಸರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಇಂಡಕ್ಷನ್ ಒಲೆಯೂ ಸುಮಾರು ಅಷ್ಟೇ. ನಿಮ್ಮ ಮನೆಯ ಚಿಕ್ಕ ಸಾಕೆಟ್, ಅಗ್ಗದ ಎಕ್ಸ್‌ಟೆನ್ಶನ್ ಬಾಕ್ಸು 6 ಆಂಪಿಯರಿನವು. ಅದಕ್ಕೆ ಇಂಡಕ್ಷನ್ ಹಾಕಿ, ಪಕ್ಕದಲ್ಲೇ ಇಸ್ತ್ರಿಪೆಟ್ಟಿಗೆ ಹಾಕಿದರೆ ಏನಾಗುತ್ತದೆ ನೀವೇ ಯೋಚಿಸಿ. ಗೀಸರ್, ಎಸಿ, ಇಂಡಕ್ಷನ್ ಇವು ಗೋಡೆಯ 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಹೋಗಬೇಕು, ನಡುವೆ ಎಕ್ಸ್‌ಟೆನ್ಶನ್ ಬೇಡ.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವ ರಿಪೇರಿ ಒಂದಿದೆ. ಎಂಸಿಬಿ ಪದೇ ಪದೇ ಬೀಳುತ್ತದೆ ಅಂತ ಕರೆದರೆ, ಬಂದವನು 16ರ ಎಂಸಿಬಿ ತೆಗೆದು 32ರದ್ದು ಹಾಕಿ ಹೋಗುತ್ತಾನೆ. ಆಮೇಲೆ ಬೀಳುವುದಿಲ್ಲ, ಎಲ್ಲರಿಗೂ ಖುಷಿ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ವೈರು ಅದೇ ತೆಳ್ಳಗಿನದು, ಕಾವಲುಗಾರ ಮಾತ್ರ ನಿದ್ದೆ ಹೋದ. ಹಿಂದಿನ ಕಾಲದಲ್ಲಿ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುತ್ತಿದ್ದರಲ್ಲ, ಇದು ಅದರ ಹೊಸ ಅವತಾರ. ನಿಮ್ಮ ಮೇನ್ ಬೋರ್ಡ್ ತೆರೆದು ನೋಡಿ. ಅಲ್ಲಿ ಎಂಸಿಬಿಗಳ ಜೊತೆಗೆ ‘ಟೆಸ್ಟ್’ ಅಂತ ಬರೆದ ಚಿಕ್ಕ ಗುಂಡಿ ಇರುವ ಒಂದು ಅಗಲವಾದ ಸ್ವಿಚ್ ಇದೆಯಾ? ಅದು ಆರ್‌ಸಿಸಿಬಿ. 30 ಮಿಲಿ ಆಂಪಿಯರಿನದ್ದು ಇದ್ದರೆ ಶಾಕ್ ಹೊಡೆದರೂ ಪ್ರಾಣಕ್ಕೆ ಕುತ್ತು ಬರುವ ಮುಂಚೆ ಕರೆಂಟು ಕಡಿಯುತ್ತದೆ. ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ. ಬಿದ್ದರೆ ಸರಿ ಇದೆ. ಬೀಳದಿದ್ದರೆ, ಇಲ್ಲವೇ ಆ ಸ್ವಿಚ್ಚೇ ಇಲ್ಲದಿದ್ದರೆ, ಓನರಿಗೆ ಫೋನ್ ಮಾಡಿ.

ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರುವವರಿಗೂ ಇಲ್ಲೇ ಒಂದು ಮಾತು. ಅದನ್ನು ಬಚ್ಚಲ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ. ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ, ಸ್ನಾನಕ್ಕೆ ಹೋದವರು ಎದ್ದು ಬರುವುದಿಲ್ಲ. ಬೆಂಕಿಯೇ ಇರುವುದಿಲ್ಲ, ಸಾವು ಮಾತ್ರ.

ಗ್ಯಾಸ್ ಬಗ್ಗೆ ನೀವು ಕೇಳಲೇ ಇಲ್ಲ. ಅದು ದಿನಾ ಕಣ್ಣೆದುರು ಇರುವುದರಿಂದ ಭಯವೇ ಹೋಗಿದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಹೆಚ್ಚುಕಡಿಮೆ ಎರಡು ಪಟ್ಟು. ಸೋರಿದರೆ ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ, ಮೂಲೆಯಲ್ಲಿ, ಕಟ್ಟೆ ಕೆಳಗಿನ ಕಪಾಟಿನಲ್ಲಿ ತುಂಬಿ ನಿಲ್ಲುತ್ತದೆ. ಮೇಲಿನ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಹೋಗುತ್ತದೆ ಅನ್ನುವುದು ತಪ್ಪು. ಅಷ್ಟೇ ಅಲ್ಲ, ಆ ಫ್ಯಾನಿನ ಸ್ವಿಚ್ಚೇ ಕಿಡಿ. ಗಾಳಿಯಲ್ಲಿ ಶೇಕಡ ಎರಡರಷ್ಟು ಗ್ಯಾಸ್ ಬೆರೆತರೆ ಹತ್ತಿಕೊಳ್ಳಲು ಸಾಕು.

ಒಂದು ಮನೆ ನನಗೆ ಮರೆಯುವುದಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ರಾತ್ರಿ ಬಂದಿದ್ದರು. ರೆಗ್ಯುಲೇಟರ್ ಆಫ್ ಮಾಡಿರಲಿಲ್ಲ, ಪೈಪು ಬಿರುಕು ಬಿಟ್ಟಿತ್ತು. ಬಾಗಿಲು ತೆರೆದಾಗ ವಾಸನೆ ಬಂದಿದೆ. ‘ಏನೋ ವಾಸನೆ’ ಅನ್ನುತ್ತಲೇ ಅಪ್ಪ ಲೈಟ್ ಹಾಕಿದ. ಗೋಡೆ ಬೀದಿಗೆ ಬಿದ್ದಿತ್ತು. ಮಾರನೇ ದಿನ ಎಲ್ಲರೂ ‘ಸಿಲಿಂಡರ್ ಬ್ಲಾಸ್ಟ್’ ಅಂದರು. ಸಿಲಿಂಡರ್ ಮೂಲೆಯಲ್ಲಿ ಇಟ್ಟ ಹಾಗೇ ನಿಂತಿತ್ತು. ಸಿಡಿದದ್ದು ಮನೆ.

ಹಾಗಾಗಿ ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹಾರುತ್ತದೆ. ಫ್ರಿಜ್ ಓಡುತ್ತಿದ್ದರೆ ಓಡಲಿ, ಪ್ಲಗ್ ಕೀಳಲು ಹೋಗಬೇಡಿ. ದೇವರ ದೀಪ ಉರಿಯುತ್ತಿದ್ದರೆ ಅದನ್ನು ಮಾತ್ರ ಕೂಡಲೇ ನಂದಿಸಿ. ಸ್ಟೌವ್ ಗುಬ್ಬಿ, ರೆಗ್ಯುಲೇಟರ್ ಎರಡನ್ನೂ ಆಫ್ ಮಾಡಿ, ರೆಗ್ಯುಲೇಟರ್ ತೆಗೆದು ದಾರದಲ್ಲಿ ನೇತಾಡುವ ಬಿಳೀ ಸೇಫ್ಟಿ ಕ್ಯಾಪ್ ಒತ್ತಿ ಮುಚ್ಚಿ. ಆ ಕ್ಯಾಪನ್ನು ಎಷ್ಟು ಜನ ಕತ್ತರಿಸಿ ಎಸೆದಿರುತ್ತಾರೋ! ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು, ಬೀದಿಯಲ್ಲಿ ನಿಂತು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೇ ಇರುವ ನಂಬರ್ ಅದು, ಹಗಲು ರಾತ್ರಿ ಇರುತ್ತದೆ.

ಪೈಪಿಗೆ ಆಯಸ್ಸು ಐದು ವರ್ಷ. ಕೇಸರಿ ಬಣ್ಣದ ಸುರಕ್ಷಾ ಪೈಪಿನ ಮೇಲೆಯೇ ಇಸವಿ ಅಚ್ಚಾಗಿರುತ್ತದೆ, ಒರೆಸಿ ಓದಿ. ಸಿಲಿಂಡರಿಗೂ ಇದೆ. ಮೇಲಿನ ಹಿಡಿಕೆಯನ್ನು ಹಿಡಿದಿರುವ ಮೂರು ಪಟ್ಟಿಗಳಲ್ಲಿ ಒಂದರ ಒಳಬದಿಗೆ ‘ಬಿ 27’ ಅಂತಲೋ ಏನೋ ಬರೆದಿರುತ್ತದೆ. ಎ ಅಂದರೆ ಮಾರ್ಚ್, ಬಿ ಅಂದರೆ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ‘ಬಿ 27’ರ ಸಿಲಿಂಡರನ್ನು 2027ರ ಜೂನ್ ಒಳಗೆ ಮತ್ತೆ ಪರೀಕ್ಷೆ ಮಾಡಬೇಕು. ಆ ದಿನ ಕಳೆದ ಸಿಲಿಂಡರ್ ತಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. ಸೋರಿಕೆ ನೋಡಲು ಸೋಪಿನ ನೊರೆ ಹಚ್ಚಿ, ಗುಳ್ಳೆ ಬರುತ್ತದಾ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಶೂರರು ಇನ್ನೂ ಇದ್ದಾರೆ. ಮತ್ತೆ, ಗ್ಯಾಸ್ ಕನೆಕ್ಷನ್ ನಿಮ್ಮ ಹಳೇ ವಿಳಾಸದಲ್ಲೇ ಇದೆಯಾ? ಬಾಡಿಗೆ ಮನೆಯವರಲ್ಲಿ ಇದು ಮಾಮೂಲಿ. ಅನಾಹುತ ಆದರೆ ತೈಲ ಕಂಪನಿಗಳ ಕಡೆಯಿಂದ ವಿಮೆ ಇದೆ, ಆದರೆ ಮನೆ ಸಾಮಾನಿನ ನಷ್ಟಕ್ಕೆ ದಾಖಲೆಯಲ್ಲಿರುವ ವಿಳಾಸವನ್ನೇ ನೋಡುತ್ತಾರೆ. ಬದಲಾಯಿಸಿಕೊಳ್ಳಿ.

ಬಾಂಡಲಿಯ ಎಣ್ಣೆ ಹತ್ತಿಕೊಂಡರೆ ನೀರು ಹಾಕಬೇಡಿ. ಹಪ್ಪಳ ಕರಿಯುವಾಗ ಎಣ್ಣೆ 180 ಡಿಗ್ರಿ ಆಸುಪಾಸು ಇರುತ್ತದೆ, ಫೋನ್ ಬಂತು ಅಂತ ಹೋಗಿ ಮರೆತರೆ ಅದು ತಾನಾಗಿ ಹತ್ತಿಕೊಳ್ಳುವಷ್ಟು ಕಾಯುತ್ತದೆ. ನೀರು ಅದರ ತಳಕ್ಕೆ ಇಳಿದು ಒಮ್ಮೆಗೇ ಆವಿಯಾಗಿ 1700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆ ಸೀಲಿಂಗಿಗೆ ಹಾರುತ್ತದೆ. ಸ್ಟೌವ್ ಆಫ್ ಮಾಡಿ, ಅಗಲವಾದ ತಟ್ಟೆಯನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸುತ್ತ ಮುಚ್ಚಿ. ತೆಗೆದು ನೋಡಬೇಡಿ, ಪೂರ್ತಿ ತಣ್ಣಗಾಗಲಿ. ಕರಿಯುವಾಗ ಪಕ್ಕದಲ್ಲಿ ಒಂದು ತಟ್ಟೆ ಇಟ್ಟುಕೊಂಡರೆ ಸಾಕು, ಇದಕ್ಕೆ ದುಡ್ಡೇ ಬೇಡ.

ಅತ್ತೆಯವರ ದೀಪದ ವಿಷಯ ಸೂಕ್ಷ್ಮ. ‘ದೀಪ ಆರಿಸಿ’ ಅಂತ ಹೇಳಿ ಮನೆಯಲ್ಲಿ ಬೇರೆ ಬೆಂಕಿ ಹಚ್ಚಬೇಡಿ. ನಮ್ಮ ಕಡೆ ಹಿರಿಯರು ಆ ಮಾತನ್ನೇ ಆಡುತ್ತಿರಲಿಲ್ಲ, ‘ದೊಡ್ಡದು ಮಾಡು’ ಅನ್ನುತ್ತಿದ್ದರು. ದೀಪ ತಾನಾಗಿ ಬೀಳುವುದು ಕಡಿಮೆ. ತೊಂದರೆ ಕೊಡುವುದು ಇಲಿ. ನಗಬೇಡಿ. ಎಣ್ಣೆ ಬತ್ತಿ ಅಂದರೆ ಇಲಿಗೆ ಹಬ್ಬದೂಟ. ಉರಿಯುವ ಬತ್ತಿಯನ್ನೇ ಎಳೆದುಕೊಂಡು ಬಟ್ಟೆ ಗಂಟಿನ ಹಿಂದಕ್ಕೆ ಓಡಿದ ಪ್ರಕರಣ ನಾನೇ ನೋಡಿದ್ದೇನೆ. ಅಗಲವಾದ ಹಿತ್ತಾಳೆ ತಟ್ಟೆಯಲ್ಲಿ ನೀರು ಹಾಕಿ ನಡುವೆ ದೀಪ ಇಡಿ. ಸುತ್ತ ಗಾಜಿನ ಚಿಮಣಿ ಇರಲಿ. ದೀಪದ ಮೇಲೆ ಪ್ಲಾಸ್ಟಿಕ್ ತೋರಣ, ಸೀರಿಯಲ್ ಸೆಟ್, ಪಕ್ಕದಲ್ಲಿ ಎಣ್ಣೆ ಬಾಟಲಿ, ಕರ್ಪೂರದ ಡಬ್ಬಿ ಇರಬಾರದು. ಮರದ ಮಂಟಪವಾದರೆ ದೀಪ ಮುಂದಕ್ಕೆ, ಕಲ್ಲಿನ ಮೇಲೆ ಬರಲಿ. ಇಷ್ಟು ಮಾಡಿ, ಮಲಗುವ ಹೊತ್ತಿಗೆ ಮುಗಿಯುವಷ್ಟೇ ಎಣ್ಣೆ ಹಾಕಲು ಅವರನ್ನು ಒಪ್ಪಿಸಿದರೆ ನೀವು ಗೆದ್ದಿರಿ.

ಮೈಮೇಲಿನ ಬಟ್ಟೆಗೆ ಹತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಮುಖ ಮುಚ್ಚಿಕೊಂಡು ಹೊರಳಬೇಕು, ಬೇರೆಯವರು ದಪ್ಪ ಕಂಬಳಿ ಸುತ್ತಿ ಅದುಮಬೇಕು. ಅಡುಗೆಮನೆಗೆ ಸಿಂಥೆಟಿಕ್ ನೈಟಿ ಬೇಡ, ಕಾಟನ್ ಇರಲಿ. ಸಿಂಥೆಟಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ. ಸುಟ್ಟ ಜಾಗವನ್ನು ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಗಡಿಯಾರ ನೋಡಿಕೊಂಡು. ಬಳೆ, ಉಂಗುರ ಊದಿಕೊಳ್ಳುವ ಮುಂಚೆ ತೆಗೆಯಿರಿ. ಟೂತ್‌ಪೇಸ್ಟ್, ಇಂಕು, ಬೆಣ್ಣೆ, ಅರಿಶಿನ, ಐಸ್ ಯಾವುದೂ ಬೇಡ. ಶುಭ್ರ ಬಟ್ಟೆ ಸಡಿಲವಾಗಿ ಹೊದಿಸಿ 108ಕ್ಕೆ ಫೋನ್ ಮಾಡಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೆಂದೇ ಮಹಾಬೋಧಿ ಕೇಂದ್ರ ಇದೆ.

ಸರಿ, ಈಗ ನೀವು ಕೇಳಿದ ಎಕ್ಸ್‌ಟಿಂಗ್ವಿಷರ್. ಎಬಿಸಿ ಪುಡಿಯದ್ದು ತೆಗೆದುಕೊಳ್ಳಿ. ಕಟ್ಟಿಗೆ, ಬಟ್ಟೆ, ಸೀಮೆಎಣ್ಣೆ, ಗ್ಯಾಸ್, ಕರೆಂಟಿನ ಬೆಂಕಿ ಎಲ್ಲದಕ್ಕೂ ನಡೆಯುತ್ತದೆ. ಬಾಂಡಲಿಯ ಎಣ್ಣೆಗೆ ಮಾತ್ರ ಮೇಲೆ ಹೇಳಿದ ತಟ್ಟೆಯೇ ಸರಿ. 6 ಕೆಜಿಯದ್ದು ಒಳ್ಳೆಯದೇ, ಆದರೆ ಗಾಬರಿಯಲ್ಲಿ ನೀವು ಎತ್ತಲಾರಿರಿ. ನಿಮ್ಮ ಮನೆಗೆ 2 ಅಥವಾ 4 ಕೆಜಿ ಸಾಕು. ಐಎಸ್‌ಐ ಗುರುತು ನೋಡಿ, ಗೇಜಿನ ಮುಳ್ಳು ಹಸಿರಿನಲ್ಲಿ ಇದೆಯಾ ನೋಡಿ. ಕಾರಿಗೆ ಇಡುವ ಪುಟ್ಟ ಸ್ಪ್ರೇ ಡಬ್ಬಿ ಬೇಡ. ಸ್ಟೌವ್ ಪಕ್ಕ ನೇತುಹಾಕಬೇಡಿ. ಅಡುಗೆಮನೆಗೆ ಬೆಂಕಿ ಬಿದ್ದರೆ ಅದನ್ನು ತರಲು ಬೆಂಕಿಯೊಳಗೇ ಹೋಗಬೇಕಾಗುತ್ತದೆ. ಬಾಗಿಲ ಹತ್ತಿರ, ಬೀಗದ ಕೈ ಮೊಳೆಯ ಪಕ್ಕ ಇರಲಿ.

ಪಿನ್ ಎಳೆಯಿರಿ, ಆರೇಳು ಅಡಿ ದೂರ ನಿಲ್ಲಿ, ಬೆಂಕಿಯ ಬುಡಕ್ಕೆ ಗುರಿ ಇಡಿ, ಹಿಡಿಕೆ ಅದುಮಿ ಕಸ ಗುಡಿಸುವ ಹಾಗೆ ಅತ್ತಿತ್ತ ಆಡಿಸಿ. ನಿಮ್ಮ ಬೆನ್ನು ಯಾವಾಗಲೂ ಬಾಗಿಲ ಕಡೆಗೇ ಇರಬೇಕು. ಒಟ್ಟು ಹತ್ತು ಹದಿನೈದು ಸೆಕೆಂಡಿನಲ್ಲಿ ಅದು ಖಾಲಿ, ಅಷ್ಟೇ. ಬೆಂಕಿ ಒಂದು ಕಸದ ಬುಟ್ಟಿಯಷ್ಟು ಇದ್ದರೆ ಪ್ರಯತ್ನಿಸಿ. ನಿಮ್ಮ ಸೊಂಟ ಮೀರಿದ್ದರೆ, ಇಲ್ಲವೇ ಕೋಣೆಯಲ್ಲಿ ಹೊಗೆ ತುಂಬಿದ್ದರೆ, ಅದನ್ನು ಬಿಸಾಕಿ ಹೊರಡಿ. ಹೊರಡುವಾಗ ಆ ಕೋಣೆಯ ಬಾಗಿಲು ಎಳೆದುಕೊಳ್ಳಿ. ಮುಚ್ಚಿದ ಬಾಗಿಲು ಎಷ್ಟು ಹೊತ್ತು ಬೆಂಕಿ ತಡೆಯುತ್ತದೆ ಅಂದರೆ ನೀವು ನಂಬುವುದಿಲ್ಲ.

ಮೆಟ್ಟಿಲಲ್ಲೇ ಹೊಗೆ ಇದ್ದರೆ? ಇಳಿಯಬೇಡಿ. ಟೆರೇಸಿಗೂ ಓಡಬೇಡಿ, ಹೊಗೆ ಹೋಗುವುದು ಅದೇ ದಿಕ್ಕಿಗೆ. ಒಳಗೆ ಬಂದು ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಎಲ್ಲರೂ ಬಾಲ್ಕನಿಗೆ ಬನ್ನಿ. ಬಾಲ್ಕನಿ ಬಾಗಿಲನ್ನೂ ಹಿಂದಿನಿಂದ ಎಳೆದುಕೊಳ್ಳಿ. ಹೊಗೆಯಲ್ಲಿ ನಡೆಯಲೇಬೇಕಾದರೆ ನೆಲಕ್ಕೆ ಬಗ್ಗಿ, ತೆವಳಿ. ಉಸಿರಾಡುವ ಗಾಳಿ ಉಳಿದಿರುವುದು ಅಲ್ಲೇ. 112 ಅಥವಾ 101ಕ್ಕೆ ಫೋನ್ ಮಾಡಿದಾಗ ಬೀದಿ, ಹತ್ತಿರದ ಗುರುತು, ಎಷ್ಟನೇ ಮಹಡಿ, ಒಳಗೆ ಯಾರಿದ್ದಾರೆ ಹೇಳಿ. ಬೀದಿ ಕಿರಿದಾಗಿದ್ದರೆ ಅದನ್ನೂ ಹೇಳಿ, ಚಿಕ್ಕ ಗಾಡಿ ಕಳಿಸುತ್ತಾರೆ. ಒಬ್ಬರು ಬೀದಿ ತಿರುವಿನಲ್ಲಿ ನಿಂತು ದಾರಿ ತೋರಿಸಲಿ. ಎರಡೂ ಕಡೆ ಕಾರು ನಿಲ್ಲಿಸಿದ ಬೀದಿಯಲ್ಲಿ ಫೈರ್ ಇಂಜಿನ್ ಸಿಕ್ಕಿಹಾಕಿಕೊಂಡು, ನಾವು ಪೈಪು ಹೊತ್ತು ಓಡಿದ್ದು ಎಷ್ಟು ಸಲವೋ.

ಮಳೆ, ಸಿಡಿಲಿನ ವಿಷಯ ಚಿಕ್ಕದಾಗಿ ಹೇಳಿ ಬಿಡುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಟಿವಿ, ವೈಫೈ, ಫ್ರಿಜ್ ಪ್ಲಗ್ ಕಿತ್ತಿಡಿ. ಊರಿನಲ್ಲಿ ಹೊಲ, ತೋಟದ ಕೆಲಸ ಇರುವವರ ಫೋನಿನಲ್ಲಿ ‘ದಾಮಿನಿ’ ಇಲ್ಲವೇ ನಮ್ಮ ರಾಜ್ಯದ ‘ಸಿಡಿಲು’ ಆ್ಯಪ್ ಹಾಕಿಕೊಡಿ. ನೀವು ಎರಡನೇ ಮಹಡಿ, ನೀರು ನುಗ್ಗುವುದು ಕೆಳಗಿನ ಮನೆಗೆ. ಆದರೆ ಮೀಟರ್ ಬೋರ್ಡ್ ಕೆಳಗೇ ಇರುತ್ತದೆ. ನೀರು ಅದರ ಹತ್ತಿರ ಬಂದರೆ ಮುಟ್ಟಬೇಡಿ, 1912ಕ್ಕೆ ಹೇಳಿ ಕರೆಂಟು ತೆಗೆಸಿ. ಮನೆಪತ್ರ, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್, ಅತ್ತೆಯವರ ಔಷಧಿ ಚೀಟಿ ಎಲ್ಲ ಒಂದೇ ಜಿಪ್ ಚೀಲದಲ್ಲಿರಲಿ, ಪ್ರತಿಗಳು ಡಿಜಿಲಾಕರ್‌ನಲ್ಲಿರಲಿ. ‘ಭಾರತ್ ಗೃಹ ರಕ್ಷಾ’ ಅನ್ನುವ ವಿಮೆ 2021ರ ಏಪ್ರಿಲ್‌ನಿಂದ ಇದೆ. ಬೆಂಕಿ, ಸಿಡಿಲು, ಪ್ರವಾಹ, ಭೂಕಂಪ ಎಲ್ಲಕ್ಕೂ ಒಂದೇ. ಬಾಡಿಗೆಯವರು ಮನೆ ಸಾಮಾನಿಗೆ ಮಾತ್ರವೂ ಮಾಡಿಸಬಹುದು. ನಾವು ಚಿನ್ನಕ್ಕೆ ಲಾಕರ್ ಇಡುತ್ತೇವೆ, ಮನೆಗೆ ವಿಮೆ ಅಂದರೆ ಮಾತ್ರ ಅಪಶಕುನ!

ಇನ್ನು ಉಳಿದದ್ದು ಅತ್ತೆಯವರನ್ನು ಇಳಿಸುವುದು. ಯಜಮಾನರು ನೈಟ್ ಶಿಫ್ಟಿನಲ್ಲಿ ಇರುವ ರಾತ್ರಿಯನ್ನೇ ಲೆಕ್ಕ ಹಾಕಿ. ಅತ್ತೆಯವರ ಮಂಚವನ್ನು ಬಾಗಿಲಿಗೆ ಹತ್ತಿರದ ಕೋಣೆಗೆ ತನ್ನಿ. ಅವರನ್ನು ಎತ್ತಲು ನಿಮ್ಮಿಂದ ಆಗುವುದಿಲ್ಲ, ಪ್ರಯತ್ನವನ್ನೂ ಮಾಡಬೇಡಿ. ಜಮಖಾನದ ಮೇಲೆ ಕೂರಿಸಿ ಬಾಗಿಲ ತನಕ ಎಳೆಯಿರಿ, ಮೆಟ್ಟಿಲನ್ನು ಅವರು ಕೂತುಕೊಂಡೇ ಒಂದೊಂದಾಗಿ ಜಾರಿ ಇಳಿಯಲಿ. ಎದುರು ಮನೆಯವರಿಗೆ ಮುಂಚೆಯೇ ಹೇಳಿಟ್ಟಿರಿ. ಹೊರಗೆ ಬಂದ ಮೇಲೆ ಎಲ್ಲರೂ ಸೇರುವ ಜಾಗ ಒಂದೇ ಇರಲಿ, ಬೀದಿಯ ಹೊಂಗೆ ಮರವೋ ಕಿರಾಣಿ ಅಂಗಡಿ ಮುಂದೆಯೋ. ‘ಮಗು ಒಳಗಿದೆ’ ಅಂತ ಹೊರಗೆ ಬಂದವರು ಮತ್ತೆ ಒಳಗೆ ಹೋಗುವುದು, ಮಗು ಹಿಂದಿನ ಬೀದಿಯಲ್ಲಿ ನಿಂತಿರುವುದು, ಇದನ್ನೂ ನೋಡಿದ್ದೇನೆ.

ಈ ಭಾನುವಾರ ರಾತ್ರಿ ಲೈಟೆಲ್ಲ ಆರಿಸಿ ಒಂದು ಸಲ ಮಾಡಿ ನೋಡಿ. ಮಕ್ಕಳಿಗೆ ಆಟ ಅಂತ ಹೇಳಿ, ಗಡಿಯಾರ ಅತ್ತೆಯವರ ಕೈಗೆ ಕೊಡಿ. ಹಾಸಿಗೆಯಿಂದ ಎದ್ದು ಕತ್ತಲಲ್ಲಿ ಮೊಳೆಯಿಂದ ಬೀಗದ ಕೈ ತೆಗೆದು ಗ್ರಿಲ್ ತೆರೆಯಲು ಎಷ್ಟು ಹೊತ್ತು ಹಿಡಿಯಿತು ಅಂತ ನನಗೆ ಬರೆದು ತಿಳಿಸಿ. ನಮ್ಮ ಮನೆಯಲ್ಲಿ ಮೊದಲ ಸಲ ಮಾಡಿದಾಗ ನನಗೇ ಒಂದು ನಿಮಿಷದ ಮೇಲೆ ಹಿಡಿಯಿತು. ಕತ್ತಲಲ್ಲಿ ಬೀರುವಿನ ಬೀಗದ ಕೈ ಹಾಕಿ ತಿರುಗಿಸುತ್ತಿದ್ದೆ. ನನ್ನ ಹೆಂಡತಿ ಅದನ್ನು ಬಂದ ನೆಂಟರಿಗೆಲ್ಲ ಇನ್ನೂ ಹೇಳಿಕೊಂಡು ನಗುತ್ತಾಳೆ.